ನೀರು ಹಾಕುವ ಮುನ್ನ

ಚಿಕ್ಕಬಳ್ಳಾಪುರ
6 ಫೆಬ್ರವರಿ 2023

ಮೆಹಬೂಬ್ ಖಾಲಾ ಅವರಿಗೆ ಕವಿತಳ ನಮಸ್ಕಾರ.

ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಆರ್ಜೂಗೆ ಮಾಡಿದೆ, "ಅಮ್ಮೀ ನಿಮ್ ಹತ್ರ ಮಾತಾಡಲ್ವಂತೆ ಅಕ್ಕಾ" ಎಂದಳು. ಅದಕ್ಕೇ ಈ ಕಾಗದ. ಆರು ವರ್ಷದ ಕೋಪ ಒಂದು ಕಾಗದಕ್ಕೆ ಇಳಿಯುವುದಿಲ್ಲ, ಗೊತ್ತು. ನಾನು ಬರೆಯುತ್ತಿರುವುದು ಆ ವಿಷಯಕ್ಕಲ್ಲ.

ಈಗ ಇಲ್ಲಿನ ಶವಾಗಾರ ನನ್ನ ಪಾಲಿಗೆ ಬಂದಿದೆ. ಸಾವು ಹೇಗಾಯಿತೆಂದು ಹೆಣ ನೋಡಿ ಬರೆಯುವುದು ನನ್ನ ಕೆಲಸ. ಕಳೆದ ತಿಂಗಳು ದಿಬ್ಬೂರಹಳ್ಳಿಯಿಂದ ಮುನಿಗಂಗಮ್ಮ ಎಂಬ ಮುದುಕಿಯನ್ನು ತಂದರು. ಒಬ್ಬರೇ ಇದ್ದವರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಜಮೀನಿನ ಜಗಳವಿದ್ದದ್ದರಿಂದ ಅಣ್ಣನ ಮಗ ದೂರು ಕೊಟ್ಟ, ಇಲ್ಲದಿದ್ದರೆ ನನ್ನ ತನಕ ಬರುತ್ತಲೇ ಇರಲಿಲ್ಲ. "ಅರಿಶಿನ ಹಚ್ಚಿ ಚೆನ್ನಾಗಿ ತೊಳ್ದಿದೀವಿ ಮೇಡಂ, ಗಲೀಜೇನಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಬಾಯಿ ತೆರೆದು ನೋಡಿದೆ. ಮೇಲ್ದುಟಿಯ ಒಳಗೆ ಹರಿದ ಗಾಯವಿತ್ತು. ರೆಪ್ಪೆ ಮಗುಚಿದರೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಯಾರೋ ಅವರ ಮುಖದ ಮೇಲೆ ದಿಂಬು ಒತ್ತಿ ಹಿಡಿದಿದ್ದರು. ಹೊರಗೆ ಒಂದು ಗೀರೂ ಇರಲಿಲ್ಲ.

ನಿಮ್ಮ ಬೀದಿಯಲ್ಲೂ ಇಬ್ಬರು ಒಂಟಿ ಹೆಂಗಸರು ದಸರಾದಿಂದೀಚೆಗೆ ಹೀಗೇ ಮಧ್ಯಾಹ್ನದ ನಿದ್ದೆಯಲ್ಲಿ ಹೋದರಂತೆ. ಇಬ್ಬರಿಗೂ ಗುಸ್ಲ್ ಕೊಟ್ಟವರು ನೀವು. ಹೆಣಕ್ಕೆ ಆ ಕೊನೆಯ ಸ್ನಾನ ಮಾಡಿಸುವಾಗ ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹಲ್ಲು, ತುಟಿಯೊಳಗೆಲ್ಲ ಒರೆಸುತ್ತೀರಿ ಎಂದು ನಿಮ್ಮ ತರನ್ನುಮ್ ಒಮ್ಮೆ ಹೇಳಿದ್ದು ನೆನಪಿದೆ. ಆ ಇಬ್ಬರ ತುಟಿಯೊಳಗೆ ನಿಮ್ಮ ಬೆರಳಿಗೆ ಏನು ಸಿಕ್ಕಿತು? ಇಷ್ಟೇ ನನ್ನ ಪ್ರಶ್ನೆ.

ಇಂತಿ,
ಕವಿತ


ಶಿಡ್ಲಘಟ್ಟ
20 ಫೆಬ್ರವರಿ 2023

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ ಸೇರಿತು. ಪೋಸ್ಟಿನ ಬಯ್ಯಪ್ಪ "ಬೂಬಮ್ಮಾ, ಆಸ್ಪತ್ರೆಯಿಂದ ಕಾಗ್ದ ಬಂದೈತೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ನಿಮ್ಮ ಆಸ್ಪತ್ರೆಯ ಹೆಸರಿರುವ ಲಕೋಟೆ ನಮ್ಮ ಮನೆಗೆ ಬೇಡ.

ಗುಸ್ಲ್ ಕೊಡುವುದನ್ನು ನಾನು ನಮ್ಮ ಅತ್ತೆಯಿಂದ ಕಲಿತೆ. ಎಲಚಿ ಎಲೆ ಹಾಕಿ ನೀರು ಕಾಯಿಸುವುದು, ಬಲಗಡೆಯಿಂದ ಶುರು ಮಾಡುವುದು, ಕೊನೆಗೆ ಕರ್ಪೂರದ ನೀರು, ಇದೆಲ್ಲ ಆಮೇಲೆ ಕಲಿಸಿದರು. ಮೊದಲ ದಿನ ಹೇಳಿದ್ದು ಇದು: "ಮುಖದಲ್ಲಿ ಕಳೆ ಕಂಡ್ರೆ ಹೊರಗ್ಬಂದು ಹೇಳು. ಬೇರೆ ಏನ್ ಕಂಡ್ರೂ ನೀರಿನ್ ಜೊತೇಲೇ ಬಿಟ್ಬಿಡು." ನಾನು ಹಾಗೇ ಮಾಡಿದ್ದೇನೆ. ಯಾರ್ಯಾರ ಮನೆಯ ಹೆಂಗಸರ ಮೈ ಮೇಲೆ ಏನೇನು ಬರೆ, ಏನೇನು ಹುಣ್ಣು ಕಂಡೆನೋ ನನಗೆ ಗೊತ್ತು, ಅಲ್ಲಾಹನಿಗೆ ಗೊತ್ತು. ಅವರ ಗಂಡಂದಿರು ಬೀದಿಯಲ್ಲಿ ಸಲಾಂ ಹೇಳಿದರೆ ನಾನೂ ತಿರುಗಿ ಹೇಳುತ್ತೇನೆ. ಈ ಹೆಂಗಸು ಬಾಯಿ ಬಿಡುವುದಿಲ್ಲ ಎಂಬ ಒಂದೇ ನಂಬಿಕೆಗೆ ನನ್ನನ್ನು ಕರೆಯುತ್ತಾರೆ.

ನಿಮ್ಮ ಕೆಲಸ ಬೇರೆ. ನೀವು ಕಂಡದ್ದನ್ನೆಲ್ಲ ಬರೆಯುತ್ತೀರಿ. ನಮ್ಮ ಮನೆಗೆ ಅದು ಚೆನ್ನಾಗಿ ಗೊತ್ತು.

ಇನ್ನು ಬರೆಯಬೇಡಿ.

ಮೆಹಬೂಬ್ ಬೀ


ಚಿಕ್ಕಬಳ್ಳಾಪುರ
15 ಮಾರ್ಚ್ 2023

ಖಾಲಾ,

ಬೇಡವೆಂದರೂ ಬರೆಯುತ್ತಿದ್ದೇನೆ. ಲಕೋಟೆ ಅಂಗಡಿಯದು.

ಮೊನ್ನೆ ಗೌರಿಬಿದನೂರಿನಿಂದ ಶ್ಯಾಮಲಮ್ಮ ಬಂದರು. ಬಂದರು ಎಂದೇ ಬರೆಯುವ ಅಭ್ಯಾಸ ನನಗೆ, ಬಯ್ಯಬೇಡಿ. ರಿಟೈರ್ ಆದ ಟೀಚರು, ಮದುವೆಯಾಗಿರಲಿಲ್ಲ. ಅವರ ವಿಮೆಗೆ ಸರ್ಟಿಫಿಕೇಟ್ ಬೇಕಿತ್ತೆಂದು ತಮ್ಮ ಕರೆತಂದ. ತಲೆ ಬಾಚಿ, ಹೂ ಮುಡಿಸಿ, ಉಗುರು ಸಹ ಉಜ್ಜಿ ತೊಳೆದಿದ್ದರು. ನಮ್ಮ ಕಡೆಯ ಜನ ಹೆಣವನ್ನು ಮದುಮಗಳ ಹಾಗೆ ಸಿಂಗರಿಸಿ ನನ್ನ ಮೇಜಿಗೆ ತರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಕೊಂದವನ ಕೂದಲೊಂದು, ಬಟ್ಟೆಯ ಎಳೆಯೊಂದು ಇದ್ದರೆ ಎಲ್ಲ ಆ ನೀರಿನಲ್ಲೇ ಹೋಗಿರುತ್ತದೆ. ಉಳಿದದ್ದು ಮೇಲ್ದುಟಿಯೊಳಗಿನ ಅದೇ ಗಾಯ.

"ಕಿವೀಲಿ ಓಲೆ ಹಂಗೇ ಅದೆ ಮೇಡಂ, ಕಳ್ಳ ಬಂದಿದ್ರೆ ಬಿಡ್ತಿದ್ನಾ?" ಎಂದ ತಮ್ಮ. ಇನ್‌ಸ್ಪೆಕ್ಟರ್ ಅದನ್ನೇ ಹಿಡಿದುಕೊಂಡರು. "ವಯಸ್ಸಾದವ್ರು, ಹಲ್ಲು ಕಚ್ಕೊಂಡಿರ್ತಾರೆ. ತುಟಿ ನೋಡಿ ನಾನು ಯಾರನ್ನ ಅರೆಸ್ಟ್ ಮಾಡ್ಲಿ?" ಎಂದು ನಗುತ್ತಾರೆ. ಎರಡು ಸಾವು ಆಕಸ್ಮಿಕ ಎನ್ನಬಹುದು, ನಾಲ್ಕು ಎನ್ನಲಾಗದು. ನಿಮ್ಮ ಬೀದಿಯ ಇಬ್ಬರ ಗೋರಿ ತೆಗೆಸಿದರೂ ಈಗ ತುಟಿ ಉಳಿದಿರುವುದಿಲ್ಲ. ಅದು ಉಳಿದಿರುವುದು ನಿಮ್ಮ ಬೆರಳಿನಲ್ಲಿ ಮಾತ್ರ.

ಅವನು ಇನ್ನೊಬ್ಬರ ಬಾಗಿಲು ತಟ್ಟುವ ಮುಂಚೆ ಹೇಳಿ ಖಾಲಾ.

ಕವಿತ


ಶಿಡ್ಲಘಟ್ಟ
12 ಏಪ್ರಿಲ್ 2023

ಕವಿತ,

ಉಪವಾಸದ ದಿನಗಳಲ್ಲಿ ಮನಸ್ಸಿನಲ್ಲಿ ವಿಷ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಇಟ್ಟುಕೊಂಡಿದ್ದೇನೆ. ಅದನ್ನು ಬರೆದುಬಿಡುತ್ತೇನೆ.

ತರನ್ನುಮ್‌ಳನ್ನು ಕೆರೆಯಿಂದ ತೆಗೆದಾಗ ನೀನು ಇಲ್ಲಿನ ಆಸ್ಪತ್ರೆಯಲ್ಲಿದ್ದೆ. ಗೋಡೆಗೆ ಗೋಡೆ ಅಂಟಿದ ಮನೆಯ ಹುಡುಗಿ, ನನ್ನ ಮಗಳ ಜೊತೆ ಒಂದೇ ತಟ್ಟೆಯಲ್ಲಿ ಶೀರ್‌ಖುರ್ಮಾ ತಿಂದವಳು, ನಮ್ಮ ಕೋನಪ್ಪನ ಮಗಳು ಡಾಕ್ಟರಾಗಿದ್ದಾಳೆ ಎಂದು ಧೈರ್ಯ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿನ್ನ ಕೈ ಹಿಡಿದು ಏನು ಕೇಳಿಕೊಂಡೆ? "ಕವಿತಮ್ಮ, ಹೊಟ್ಟೆ ವಿಷ್ಯ ಬರೀಬೇಡಮ್ಮ. ನೀರಲ್ಲಿ ಬಿದ್ದು ಹೋದ್ಳು ಅಂತ ಬರಿ, ಅದು ಸುಳ್ಳಲ್ಲ." ಅವಳ ಗಂಡ ದುಬೈಗೆ ಹೋಗಿ ಒಂದೂವರೆ ವರ್ಷವಾಗಿತ್ತು. ನೀನು ತಲೆ ಆಡಿಸಿದೆ. ಒಳಗೆ ಹೋಗಿ ಮೂರು ತಿಂಗಳ ಗರ್ಭ ಎಂದು ಬರೆದೆ.

ಅವಳ ಮಾವ ಆ ಕಾಗದದ ನಕಲು ತೆಗೆಸಿ ಹೋಟೆಲಿನಲ್ಲಿ ಕೂತು ಓದಿಸಿದ. ಆರ್ಜೂಗೆ ಗೊತ್ತಾಗಿದ್ದ ಸಂಬಂಧ ಮುರಿದುಹೋಯಿತು. ಸತ್ತವಳನ್ನು ಊರೆಲ್ಲ ಮತ್ತೊಮ್ಮೆ ನೀರಿಗೆ ನೂಕಿತು.

ಈಗ ನೀನು ನನಗೆ ಹೇಳುತ್ತೀಯ, ಬೇರೆಯವರ ಮನೆಯ ಹೆಂಗಸರ ಗುಟ್ಟು ಬಿಚ್ಚು ಎಂದು. ನನ್ನ ಮಗಳಿಗೆ ನೀನು ಮಾಡಿದ್ದನ್ನು ನಾನು ಅವರಿಗೆ ಮಾಡಲಾ?

ಮೆಹಬೂಬ್ ಬೀ


ಚಿಕ್ಕಬಳ್ಳಾಪುರ
20 ಮೇ 2023

ಖಾಲಾ,

ನಿಮ್ಮ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಹೆಣ ಬಂತು, ಕೋರ್ಟ್ ಬಂತು. ನೆಪ ಸಿಕ್ಕಿದ್ದಕ್ಕೆ ಸಂತೋಷವೂ ಆಯಿತು.

ನಾನು ತಲೆ ಆಡಿಸಿದ್ದು ನಿಜ. ನಿಮ್ಮ ಮುಖ ನೋಡಿಕೊಂಡು ಬೇರೇನೂ ಮಾಡಲಾಗುತ್ತಿರಲಿಲ್ಲ. ಒಳಗೆ ಹೋದ ಮೇಲೆ ಬರೆದೆ, ಇವತ್ತು ಕೇಳಿದರೂ ಬರೆಯುತ್ತೇನೆ. ಅವಳನ್ನು ಆ ಸ್ಥಿತಿಗೆ ತಂದವನೊಬ್ಬ ಇದ್ದ ಖಾಲಾ. ಅವಳು ಸುಮ್ಮನೆ ಕಾಲು ಜಾರಿ ಬಿದ್ದಳು ಎಂದು ನಾನು ಸಹಿ ಹಾಕಿದರೆ ಅವನಿಗೆ ನಾನೇ ಬಾಗಿಲು ತೆರೆದು ಕಳಿಸಿದ ಹಾಗೆ. ಆದರೆ ಬರೆದರೂ ಅವನು ಸಿಗಲಿಲ್ಲ. ಅವನನ್ನು ಯಾರೂ ಹುಡುಕಲಿಲ್ಲ, ನಿಮ್ಮ ಮನೆಯನ್ನು ಮಾತ್ರ ಹುಡುಕಿದರು. ಅವಳು ನನಗೂ ಒಬ್ಬಳೇ ಗೆಳತಿ. ಆಮೇಲೆ ಬೇರೆ ಯಾರನ್ನೂ ಮಾಡಿಕೊಳ್ಳಲಿಲ್ಲ.

ನಿಮ್ಮನ್ನು ಇನ್ನು ಕೇಳುವುದಿಲ್ಲ. ಒಂದು ವಿಷಯ ಮಾತ್ರ ತಿಳಿಸುತ್ತೇನೆ, ನಿಮ್ಮ ಬೀದಿಯಲ್ಲಿ ಒಂಟಿ ಹೆಂಗಸರು ಬಹಳ ಇರುವುದರಿಂದ. ಶ್ಯಾಮಲಮ್ಮನ ಓಲೆಯನ್ನು ಅವರ ತಮ್ಮ ಅಂಗಡಿಗೆ ಒಯ್ದನಂತೆ. ಅದು ಗಿಲೀಟು. ಅವರ ತಾಯಿಯ ಕಾಲದ ಬಂಗಾರದ ಓಲೆ ಹೋಗಿ ಅದೇ ನಮೂನೆಯ ಗಿಲೀಟು ಬಂದು ಕೂತಿತ್ತು. ಕೊಂದವನು ಆ ಕಿವಿಯನ್ನು ಮೊದಲೇ ಹತ್ತಿರದಿಂದ, ಬಿಡುವಾಗಿ ನೋಡಿಕೊಂಡು ಹೋಗಿದ್ದಾನೆ. ಅಂದರೆ ಮನೆಯೊಳಗೆ ಕೂರಿಸುವಂಥ, ನಂಬಿಕೆಯ ಮನುಷ್ಯ. ಮಧ್ಯಾಹ್ನ ಬಾಗಿಲು ಹಾಕಿಕೊಳ್ಳಿ.

ಕವಿತ


ಶಿಡ್ಲಘಟ್ಟ
16 ಜುಲೈ 2023

ಕವಿತಮ್ಮ,

ನೀನು ಚಿಂತಾಮಣಿ ಕೋರ್ಟಿನಿಂದ ಓಡಿ ಬರುವ ಹೊತ್ತಿಗೆ ಖುರ್ಷೀದ್‌ಳನ್ನು ನಿಮ್ಮ ಆಸ್ಪತ್ರೆಗೆ ಸಾಗಿಸಿಯಾಗಿತ್ತು, ನನ್ನನ್ನೂ ಮನೆಗೆ ಕಳಿಸಿದ್ದರು. ಅಲ್ಲಿ ನಡೆದದ್ದನ್ನು ಅವರಿವರು ಬಣ್ಣ ಹಚ್ಚಿ ಹೇಳುವ ಮೊದಲು ನಾನೇ ಹೇಳುತ್ತೇನೆ.

ಖುರ್ಷೀದ್ ನನ್ನ ಜೊತೆ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಬಿಚ್ಚಿದವಳು. ಗಂಡ ಸತ್ತ ಮೇಲೆ ಒಬ್ಬಳೇ ಇದ್ದಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ ಎಂದು ಅವಳ ಅಳಿಯ ಬಂದು ಕರೆದ. ಹೋದೆ. ನೀರು ಕಾಯಿಸಿದ್ದರು, ಕಫನ್ ಬಟ್ಟೆ ಬಂದಿತ್ತು, ಕಬರಸ್ತಾನದಲ್ಲಿ ಗುಂಡಿ ತೋಡಿಯಾಗಿತ್ತು. ಅವಳನ್ನು ಹಲಗೆಯ ಮೇಲೆ ಮಲಗಿಸಿ, ಬಿಸ್ಮಿಲ್ಲಾ ಎಂದು ಚೊಂಬು ಎತ್ತಿದೆ. ಅವಳ ಕಿವಿ ಕಂಡಿತು. ಇದು ಗುಸ್ಲಿನಲ್ಲಿ ಕಂಡದ್ದಲ್ಲ, ಬೀದಿಯಲ್ಲಿ ಹೋಗುವವರಿಗೂ ಕಾಣುವಂಥದ್ದು, ಆದ್ದರಿಂದ ಬರೆಯಬಹುದು. ಅವಳ ಎಡಗಡೆಯ ಓಲೆಯಲ್ಲಿ ಒಂದು ಹರಳು ಉದುರಿ ಎಷ್ಟೋ ಕಾಲವಾಗಿತ್ತು, ನಾವೆಲ್ಲ ಅವಳನ್ನು ಅದಕ್ಕೆ ರೇಗಿಸುತ್ತಿದ್ದೆವು. ಈಗ ಹರಳು ಪೂರ್ತಿ ಇತ್ತು.

ಚೊಂಬು ಕೆಳಗಿಟ್ಟೆ.

ನೀರು ಹಾಕಿದರೆ ನಾನು ಗುಸ್ಲ್ ಕೊಟ್ಟವಳಾಗುತ್ತೇನೆ, ಕಂಡದ್ದನ್ನು ಹೇಳುವ ಹಾಗಿಲ್ಲ. ನೀರು ಹಾಕದಿದ್ದರೆ ನಾನು ಏನೂ ಕಂಡಿಲ್ಲ. ನೀನು ಬೇಕಾದರೆ ನೋಡಿಕೋ. ಹೊರಗೆ ಹೋಗಿ, "ಪೊಲೀಸ್ರನ್ನ ಕರೀರಿ, ಕೋನಪ್ಪನ ಮಗಳು ನೋಡೋವರ್ಗೂ ನಾನು ನೀರು ಹಾಕಲ್ಲ" ಎಂದೆ. ಅಳಿಯ ಕೂಗಾಡಿದ. "ಮಯ್ಯತ್ ಮಡಗ್ಕೊಂಡು ತಮಾಷೆ ಮಾಡ್ತೀಯಾ? ಮುದ್ಕಿಗೆ ತಲೆ ಕೆಟ್ಟೈತೆ!" ಎಂದ. ಮಸೀದಿಯಿಂದ ದೊಡ್ಡವರು ಬಂದು ಮೆತ್ತಗೆ ಹೇಳಿದರು, ಸತ್ತವರನ್ನು ಕಾಯಿಸುವುದು ಪಾಪ ಎಂದು. ಅದು ನನಗೂ ಗೊತ್ತು. ಅರೆಬರೆ ಗುಸ್ಲ್ ಬಲ್ಲ ಅಮ್ಮಾಜಮ್ಮನನ್ನು ಕರೆಸಿ ಅವಳ ಕೈಯಲ್ಲಿ ಮಾಡಿಸೋಣ ಎಂದರು. ನಾನು ಒಳಗೆ ಹೋಗಿ ಹಲಗೆಯ ಅಂಚಿನಲ್ಲಿ ಖುರ್ಷೀದ್‌ಳ ಪಕ್ಕ ಕೂತುಬಿಟ್ಟೆ. ನನ್ನ ಮೇಲೆ ನೀರು ಹಾಕದೆ ಅವಳ ಮೇಲೆ ಹಾಕುವ ಹಾಗಿರಲಿಲ್ಲ. ನನ್ನ ಹಿಂದೆಯೇ ಹೆಂಗಸರು ಬಯ್ದರು, ಉಗುಳಿದರು. ಪೊಲೀಸರು ಬರುವವರೆಗೆ ಏಳಲಿಲ್ಲ.

ಹಿಂದಿನ ಇಬ್ಬರ ಬಗ್ಗೆ ನಾನು ಈಗಲೂ ಏನೂ ಹೇಳುವುದಿಲ್ಲ. ಖುರ್ಷೀದ್‌ಳ ಓಲೆ ಕಂಡೊಡನೆ ನಾನು ಚೊಂಬು ಯಾಕೆ ಕೆಳಗಿಟ್ಟೆ ಎಂಬುದನ್ನು ನೀನೇ ಯೋಚಿಸಿಕೋ.

ಮೆಹಬೂಬ್ ಖಾಲಾ


ಚಿಕ್ಕಬಳ್ಳಾಪುರ
30 ಅಕ್ಟೋಬರ್ 2023

ಪ್ರೀತಿಯ ಖಾಲಾ,

ಬೆಂಗಳೂರಿನ ಲ್ಯಾಬಿನಿಂದ ಉತ್ತರ ಬರುವವರೆಗೆ ಏನೂ ಬರೆಯಬಾರದು ಎಂದು ಬಾಯಿ ಕಟ್ಟಿಕೊಂಡಿದ್ದೆ. ಈಗ ಬಂದಿದೆ.

ಖುರ್ಷೀದ್ ಖಾಲಾ ಸುಮ್ಮನೆ ಹೋಗಿರಲಿಲ್ಲ. ಅವರ ಬಲಗೈ ಉಗುರುಗಳಲ್ಲಿ ಅವನ ಚರ್ಮ ಸಿಕ್ಕಿಕೊಂಡಿತ್ತು. ಒಂದು ಚೊಂಬು ನೀರು ಬಿದ್ದಿದ್ದರೂ, ನೀವು ರೂಢಿಯಂತೆ ಉಗುರು ಉಜ್ಜಿದ್ದರೂ ನನಗೆ ಏನೂ ಸಿಗುತ್ತಿರಲಿಲ್ಲ. ಆ ದಿನ ಅವರ ಮನೆಯೊಳಗೆ ಹೋದವನು ಒಬ್ಬನೇ ಎಂದು ಎದುರು ಮನೆಯವರು ಹೇಳಿದರು. ಅವನು ದಿನವೂ ಬರುವವನಾದ್ದರಿಂದ ಮೊದಲು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಿಮಗೂ ಗೊತ್ತು ಅವನು. ಶುಗರ್ ಭಾನು.

ಹೌದು, ಸ್ಕೂಟರಿನಲ್ಲಿ ಐಸ್ ಡಬ್ಬಿ ಇಟ್ಟುಕೊಂಡು ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಮನೆಮನೆಗೆ ಬಂದು ಸಕ್ಕರೆ ಕಾಯಿಲೆಗೆ ರಕ್ತ ತೆಗೆದುಕೊಂಡು ಹೋಗುವ ಭಾನುಪ್ರಕಾಶ್. ಅಜ್ಜಿಯರ ಪಕ್ಕ ಕೂತು ಕೈ ಹಿಡಿದು, ಕಿವಿ ನೋಡಿಕೊಂಡು ಹೋಗಲು ಅವನಿಗಿಂತ ಯಾರಿಗೆ ಬಿಡುವಿತ್ತು? ಓಲೆಗಳನ್ನು ಆಂಧ್ರದ ಕಡೆ ಮಾರುತ್ತಿದ್ದನಂತೆ.

ಹೋಲಿಸಿ ನೋಡಲು ಅವನ ರಕ್ತ ನಾನೇ ತೆಗೆಯಬೇಕಾಯಿತು. ಮುಂಗೈ ಮೇಲೆ ಗೀರಿನ ಗುರುತು ಇನ್ನೂ ಇತ್ತು. ಸೂಜಿ ಮೊದಲ ಸಲ ನರ ತಪ್ಪಿತು, ಅವನು ತಾನೇ ತೋಳು ಚಾಚಿ, "ನರ ಸಿಗ್ತಿಲ್ವಾ ಮೇಡಂ? ಇಲ್ಲಿ ಚುಚ್ಚಿ, ಇಲ್ಲಿ ಸಲೀಸು" ಎಂದ. ಆಮೇಲೆ, "ಹೆಂಗೂ ನಾಳೆ ನಾಡಿದ್ದು ಹೋಗೋರೇ ಅಲ್ವಾ" ಎಂದ. ಎದ್ದು ಹೋಗುವಾಗ ತಿರುಗಿ, "ಮೆಹಬೂಬ್ ಬೀ ಅವ್ರ ಶುಗರ್ ಹೆಂಗೈತೆ ಈಗ?" ಎಂದು ಕೇಳಿದ.

ಇನ್‌ಸ್ಪೆಕ್ಟರ್ ಪತ್ರಿಕೆಯವರೆದುರು ಪೊಲೀಸರ ಚುರುಕಿನ ಬಗ್ಗೆ ಮಾತಾಡಿದರು. ನಿಮ್ಮ ಹೆಸರು ಬರಬಾರದೆಂದು ನಾನೇ ಕೇಳಿಕೊಂಡೆ.

ನಿಮ್ಮ ಕವಿತ


ಶಿಡ್ಲಘಟ್ಟ
18 ಡಿಸೆಂಬರ್ 2023

ಕವಿತಮ್ಮ,

ಆ ಹುಡುಗ ನಮ್ಮ ಮನೆಗೂ ಬರುತ್ತಿದ್ದ. ಸೂಜಿ ತೆಗೆದು ಹತ್ತಿ ಇಟ್ಟು, "ಗಟ್ಟಿಯಾಗಿ ಒತ್ಕೊಳ್ಳಿ ಅಜ್ಜಿ" ಎನ್ನುತ್ತಿದ್ದ. ನಾನು ಅವನಿಗೆ ಚಹಾ ಕೊಡುತ್ತಿದ್ದೆ, ಸಕ್ಕರೆ ಜಾಸ್ತಿ ಹಾಕಿ. ನನ್ನ ಕಿವಿ ಬೋಳು, ಅದಕ್ಕೇ ಉಳಿದುಕೊಂಡೆ.

ನನ್ನ ಹೆಸರು ಪೇಪರಿನಲ್ಲಿ ಬರದಿದ್ದರೇನು, ಬೀದಿಗೆ ಪೇಪರ್ ಬೇಕೇ? ಖುರ್ಷೀದ್‌ಳ ಅಳಿಯ ಬಂದು ಕೈ ಮುಗಿದು ಹೋದ. ಆದರೂ ಅವರ ಮನೆಯ ಹೆಂಗಸರು ನನ್ನನ್ನು ಕಂಡರೆ ಸೆರಗು ಎಳೆದುಕೊಳ್ಳುತ್ತಾರೆ. ಇವತ್ತು ಪೊಲೀಸರನ್ನು ಕರೆದವಳು ನಾಳೆ ಏನು ಹೇಳುತ್ತಾಳೋ ಎಂಬ ಭಯ. ಅವರನ್ನು ಬಯ್ಯಲಾರೆ, ನಿನ್ನ ಮೇಲೆ ನನಗೂ ಅದೇ ಭಯವಿತ್ತಲ್ಲ. ಹಿಂದಿನ ಬೀದಿಯಲ್ಲಿ ಮೊನ್ನೆ ಒಬ್ಬರು ತೀರಿಕೊಂಡರು. ನಾನು ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ಕರೆಯಲು ಬರುತ್ತಾರೆಂದು ಬಾಗಿಲಲ್ಲಿ ಕೂತಿದ್ದೆ. ಚಿಂತಾಮಣಿಯಿಂದ ಆಟೋದಲ್ಲಿ ಬೇರೆ ಹೆಂಗಸನ್ನು ಕರೆಸಿದರು. ಆಟೋ ನಮ್ಮ ಮನೆ ಮುಂದೆಯೇ ಹೋಯಿತು. ಅವಮಾನವಾಯಿತು ಕವಿತಮ್ಮ. ಆರ್ಜೂ ಎದುರಿಗೆ ಅಳಲಿಲ್ಲ, ನಿನ್ನ ಎದುರಿಗೆ ಅಳುತ್ತಿದ್ದೇನೆ.

ನನಗೂ ಮೈ ಸರಿಯಿಲ್ಲ. ಏನೆಂದು ಕೇಳಬೇಡ. ನಾನು ಹೋದರೆ ಈ ಬೀದಿಯಿಂದ ಯಾರು ಬರುತ್ತಾರೋ ಗೊತ್ತಿಲ್ಲ. ಆರ್ಜೂಗೆ ಎಲ್ಲ ಹೇಳಿಕೊಟ್ಟಿದ್ದೇನೆ, ನೀರು ಅವಳು ಹಾಕುತ್ತಾಳೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ, ತಲೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ನೀನು ಬರುತ್ತೀಯಾ? ಬರುವಾಗ ನಿನ್ನ ಪೆನ್ನು ಮನೆಯಲ್ಲಿ ಬಿಟ್ಟು ಬಾ.

ಇನ್ನೊಂದು ಮಾತು. ಜೀವಮಾನದಲ್ಲಿ ಒಂದೇ ಒಂದು ಸಲ ಅತ್ತೆಯ ಮಾತು ಮೀರುತ್ತಿದ್ದೇನೆ, ಅದೂ ನನ್ನ ಮಗಳ ವಿಷಯವಾದ್ದರಿಂದ. ಆಸ್ಪತ್ರೆಯಲ್ಲಿ ಕೊಯ್ದ ಹೆಣವನ್ನು ಗೋಣಿಚೀಲದ ಹಾಗೆ ಹೊಲಿದು ಕೊಡುತ್ತಾರೆ. ಅಂಥವನ್ನು ಬಹಳ ತೊಳೆದಿದ್ದೇನೆ. ತರನ್ನುಮ್‌ಳಿಗೆ ನೀನು ಹಾಕಿದ ಹೊಲಿಗೆ ಹಾಗಿರಲಿಲ್ಲ. ಸಣ್ಣ ಸಣ್ಣದಾಗಿ, ಎಲ್ಲ ಒಂದೇ ಸಮನಾಗಿ, ಹೊಸ ರವಿಕೆಗೆ ಹಾಕಿದ ಹಾಗಿತ್ತು. ಅವತ್ತೇ ಕಂಡಿದ್ದೆ. ಇಷ್ಟು ವರ್ಷ ಹೇಳಲಿಲ್ಲ.

ನಿನ್ನ ಖಾಲಾ


ಚಿಕ್ಕಬಳ್ಳಾಪುರ
9 ಮಾರ್ಚ್ 2024

ಪ್ರೀತಿಯ ಆರ್ಜೂ,

ನಿನ್ನ ಕಾಗದ ಬಂತು. ಫೋನಿನಲ್ಲಿ ಕೇಳಲು ಆಗಲಿಲ್ಲ ಎಂದು ಬರೆದಿದ್ದೀಯ. ಒಳ್ಳೆಯದೇ ಮಾಡಿದೆ, ನನಗೂ ಫೋನಿನಲ್ಲಿ ಉತ್ತರ ಕೊಡಲು ಆಗುತ್ತಿರಲಿಲ್ಲ.

ಆ ಬೆಳಿಗ್ಗೆ ಅಮ್ಮೀ ಗುಸ್ಲನ್ನು ನೀನು ಚೆನ್ನಾಗಿ ಮಾಡಿದೆ. ಒಂದು ಸಲವೂ ನೀರು ಚೆಲ್ಲಲಿಲ್ಲ. ಕೊನೆಗೆ ಅಮ್ಮಾಜಮ್ಮ ತಾವಾಗಿಯೇ ಒಳಗೆ ಬಂದು ಕರ್ಪೂರ ಪುಡಿ ಮಾಡಿ ಕೊಟ್ಟರಲ್ಲ, ಖಾಲಾ ಇದ್ದಿದ್ದರೆ ಅವರಿಗೆ ಏನಾದರೂ ಕುಟುಕದೆ ಬಿಡುತ್ತಿರಲಿಲ್ಲ.

ಅಮ್ಮೀ ಸಾವಿನಲ್ಲಿ ಯಾರ ಕೈಯೂ ಇಲ್ಲ. ಅದನ್ನು ತಿಳಿಯುವ ಹಕ್ಕು ನಿನಗಿದೆ, ಆದ್ದರಿಂದ ಹೇಳುತ್ತಿದ್ದೇನೆ. ಕಾಯಿಲೆಯಿಂದ ಹೋದರು. ಇನ್ನು ನಿನ್ನ ಎರಡನೇ ಪ್ರಶ್ನೆ. ನಾನು ತಲೆ ಹಿಡಿದುಕೊಂಡಿದ್ದಾಗ, ನೀನು ಇನ್ನೊಂದು ಬಕೆಟ್ ನೀರು ತರಲು ಹೊರಗೆ ಹೋಗಿದ್ದೆಯಲ್ಲ, ತಿರುಗಿ ಬಂದಾಗ ನಾನು ಬಟ್ಟೆಯ ಅಂಚು ಸರಿಪಡಿಸಿ ಮುಚ್ಚುತ್ತಿದ್ದೆ. ನೀನು ಅದನ್ನು ಗಮನಿಸಿದ್ದೀಯ. ಅಮ್ಮೀ ಮೈ ಮೇಲೆ ಏನು ಕಂಡಿರಿ ಅಕ್ಕಾ, ಎಷ್ಟು ದಿನದಿಂದ ಬಚ್ಚಿಟ್ಟಿದ್ದರು, ನೋವಿತ್ತಾ ಎಂದು ಕೇಳಿದ್ದೀಯ.

ಇಷ್ಟು ವರ್ಷದಲ್ಲಿ ನಾನು ನೋಡಿದ ಹೆಣಗಳ ಬಗ್ಗೆ ಯಾರು ಕೇಳಿದರೂ ಬರೆದು ಕೊಟ್ಟಿದ್ದೇನೆ. ಪೊಲೀಸರಿಗೆ ಕೊಟ್ಟಿದ್ದೇನೆ, ಜಡ್ಜಿಗೆ ಕೊಟ್ಟಿದ್ದೇನೆ, ನಿಮ್ಮಕ್ಕನದನ್ನೂ ಕೊಟ್ಟೆ.

ಅಮ್ಮೀ ಮುಖದಲ್ಲಿ ಕಳೆ ಇತ್ತು ಆರ್ಜೂ. ಅದನ್ನು ಬೀದಿಯಲ್ಲಿ ಯಾರಿಗೆ ಬೇಕಾದರೂ ಹೇಳು.

ಉಳಿದದ್ದು ನೀರಿನ ಜೊತೆ ಹೋಯಿತು.

ನಿನ್ನ
ಕವಿತಕ್ಕ